ಸೇವಂತಿಯ ಕಿವಿಗೆ ಜಾಮೀನು

ಸಿಂದಗಿ ಕಡೆಯ ಕಾಶಪ್ಪ ಮುಂಬಯಿಗೆ ಬಂದದ್ದು ಪರೇಲಿನ ಗಿರಣಿಯಲ್ಲಿ ದುಡಿಯಲು. ಹತ್ತಿಯ ಧೂಳು ಎದೆಗೆ ಒಗ್ಗಲಿಲ್ಲ. ಗಿರಣಿ ಬಿಟ್ಟು ರೇಡಿಯೋ ರಿಪೇರಿ ಕಲಿತ. ಐವತ್ತೈದನೆಯ ಇಸವಿಯ ಹೊತ್ತಿಗೆ ಫೋರ್ಟಿನ ಒಬ್ಬ ಪಾರ್ಸಿ ಸೇಠರ ಅಂಗಡಿಯಲ್ಲಿ ಕಿವಿಯ ಮಶಿನ್ ಮಾರುವ, ಸರಿಮಾಡುವ ಕೆಲಸಕ್ಕೆ ನಿಂತಿದ್ದ. ದಿನವಿಡೀ ಕಿವಿ ಮಂದವಾದವರ ಜೊತೆ ಮಾತಾಡಿ ಚೆಂಬೂರಿನ ಖೋಲಿಯಲ್ಲೂ ಅವನ ದನಿ ಇಳಿಯುತ್ತಿರಲಿಲ್ಲ. "ನೆರೆಮನಿಯವ್ರು ನಾವು ಜಗಳಾಡ್ತೀವಿ ಅಂದ್ಕೊಂಡಾರ" ಎಂದು ಹೆಂಡತಿ ದಾನವ್ವ ನಗುತ್ತಿದ್ದಳು.

ಆ ವರ್ಷ ಅಮೆರಿಕದಿಂದ ಹೊಸ ಮಶಿನ್ ಬಂತು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಡಬ್ಬಿ, ಅದರಿಂದ ಕಿವಿಗೊಂದು ತಂತಿ. ಒಳಗೆ ಗಾಜಿನ ವಾಲ್ವ್ ಇಲ್ಲ. ಬರೀ ಕಡಲೆಕಾಳಿನಷ್ಟು ಸಣ್ಣ ಟ್ರಾನ್ಸಿಸ್ಟರ್‌ಗಳು. ಜೊತೆಗೆ ಕಂಪನಿಯ ಕರಾರೂ ಬಂತು: ಚೀನಾ, ರಷ್ಯಾ ಕಡೆಗೆ ಇದು ಹೋಗಕೂಡದು, ಹೋದರೆ ಅಂಗಡಿಗೆ ಮಾಲು ಬಂದ್. ಇಷ್ಟು ಸಣ್ಣ ಕಾಳಿನಿಂದ ಯುದ್ಧದ ಯಂತ್ರಗಳನ್ನೂ ಮಾಡಬಹುದು ಎಂಬ ಭಯ ಅವರಿಗೆ.

ಒಂದು ಮಧ್ಯಾಹ್ನ ಸೇವಂತಿ ಎಂಬ ಹೆಂಗಸು ಗಂಡನೊಂದಿಗೆ ಬಂದಳು. ಉಡುಪಿ ಕಡೆಯವಳು, ಜ್ವರ ಬಂದು ಕಿವಿ ಮಂದವಾಗಿತ್ತು. ಗಂಡ ಲಿಯಾಂಗ್ ಚೀನಾದವನು, ಸುಕ್ಲಾಜಿ ಸ್ಟ್ರೀಟಿನಲ್ಲಿ ಹಲ್ಲಿನ ಸೆಟ್ಟು ಕಟ್ಟುವವನು. ಹುಡುಗನಾಗಿದ್ದಾಗಲೇ ಹಡಗು ಹತ್ತಿ ಬಂದು ಇಲ್ಲೇ ನೆಲೆನಿಂತವನು.

ಕಾಶಪ್ಪ ಮಶಿನ್ ಹಚ್ಚಿಕೊಟ್ಟ. ಲಿಯಾಂಗ್ ಹೆಂಡತಿಯ ಹಿಂದೆ ನಿಂತು ಮೆಲ್ಲಗೆ ತುಳುವಿನಲ್ಲಿ, "ಕೇನುಂಡಾ?" ಎಂದ. ಕೇಳಿಸುತ್ತದಾ ಎಂದು ಅದರ ಅರ್ಥ. ಸೇವಂತಿ ಗಕ್ಕನೆ ತಿರುಗಿ ಗಂಡನ ಬಾಯನ್ನೇ ನೋಡಿದಳು. ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು.

"ಮದುವೆಯಾದ ಮೇಲೆ ನಾನೇ ಅವರಿಗೆ ತುಳು ಕಲಿಸಿದ್ದು ಮಾರಾಯ್ರೆ. ಇಷ್ಟು ದಿನ ಅವರು ಮಾತಾಡುವುದು, ನನಗೆ ಕೇಳ್ತಿರಲಿಲ್ಲ" ಎಂದಳು.

ಬಿಲ್ಲಿಗೆ ಹೆಸರು ಕೇಳಿದಾಗ ತೊಡಕಾಯಿತು. ಸೇಠರು ಕಾಶಪ್ಪನನ್ನು ಪಕ್ಕಕ್ಕೆ ಕರೆದು, ಚೀನೀ ಹೆಸರು ಅಮೆರಿಕದವರ ಕಣ್ಣಿಗೆ ಬಿದ್ದರೆ ಅಂಗಡಿಯೇ ಮುಚ್ಚಬೇಕಾದೀತು ಎಂದರು. ಕಾಶಪ್ಪನಿಗೆ ಒಂದು ಉಪಾಯ ಹೊಳೆಯಿತು.

"ತಂಗಿ, ನಿಮ್ಮ ಅಪ್ಪನ ಹೆಸರು ಹೇಳ್ರಿ. ಇಂಥವರ ಮಗಳು ಅಂತ ಬರಿತೀನಿ. ಅದೇನು ಸುಳ್ಳಲ್ಲಲ್ಲ?"

ಸೇವಂತಿ ಕಿವಿಯಿಂದ ಮಶಿನ್ ತೆಗೆದು ಮೇಜಿನ ಮೇಲಿಟ್ಟಳು. "ಇವರ ಮಾತು ಕೇಳ್ಲಿಕ್ಕೆ ಇವರ ಹೆಸರು ಬಿಡುವುದಾ? ಬೇಡ ಅಣ್ಣ."

ಗಂಡಹೆಂಡತಿ ಮೆಟ್ಟಿಲಿಳಿದು ಹೋದರು. ಕೆಳಗೆ ರಸ್ತೆಯಲ್ಲಿ 'ಹಿಂದಿ ಚೀನೀ ಭಾಯಿ ಭಾಯಿ' ಎನ್ನುತ್ತ ಮೆರವಣಿಗೆಯೊಂದು ಸಾಗಿತ್ತು. ಆ ಗದ್ದಲದಲ್ಲಿ ಲಿಯಾಂಗ್ ಹೆಂಡತಿಯ ಮೊಣಕೈ ಹಿಡಿದು ರಸ್ತೆ ದಾಟಿಸುವುದನ್ನು ಕಾಶಪ್ಪ ಕಿಟಕಿಯಿಂದ ನೋಡಿದ. ಅಂದು ಬುತ್ತಿಯ ರೊಟ್ಟಿ ಮುರಿದದ್ದು ಮುರಿದಂತೆಯೇ ಉಳಿಯಿತು.

ಮರುದಿನ ಅವನು ಸೇಠರ ಮುಂದೆ ಹಟ ಹಿಡಿದು ಕೂತ. ಅಮೆರಿಕಕ್ಕೆ ಇದ್ದದ್ದು ಇದ್ದಂತೆ ಬರೆದು ಕೇಳೋಣ ಎಂದ. ಸೇಠರು ಗೊಣಗುತ್ತಲೇ ಬರೆದರು. ಮಳೆಗಾಲ ಕಳೆದ ಮೇಲೆ ಉತ್ತರ ಬಂತು. ಮಾರಬಹುದು, ಆದರೆ ಮಶಿನ್ ಹಿಂದುಸ್ತಾನ ಬಿಟ್ಟು ಹೋಗಬಾರದು, ಅಂಗಡಿಯ ಒಬ್ಬರು ಜಾಮೀನು ನಿಂತು ಪ್ರತಿ ವರ್ಷ ಕಣ್ಣಾರೆ ನೋಡಿ ತಿಳಿಸಬೇಕು. ಕಾಶಪ್ಪ ಜಾಮೀನು ನಿಂತ. ಸಂಜೆ ತಾನೇ ಸುಕ್ಲಾಜಿ ಸ್ಟ್ರೀಟಿಗೆ ಹೋಗಿ ಮಶಿನ್ ಕೊಟ್ಟು ಬಂದ.

ವರ್ಷ ತುಂಬಿದಾಗ ತಪಾಸಣೆಗೆಂದು ದಾನವ್ವನನ್ನೂ ಕರೆದುಕೊಂಡು ಹೋದ. ಬಂದವರು ಮೀನು ತಿನ್ನದವರೆಂದು ಹೊಸ ಪಾತ್ರೆಯಲ್ಲಿ ಸೇವಂತಿ ನೀರುದೋಸೆಗೆ ಹಿಟ್ಟು ಕಲಸಿದ್ದಳು. ಲಿಯಾಂಗ್ ದಾನವ್ವನ ನೋಯುವ ದವಡೆ ನೋಡಿ ಲವಂಗದೆಣ್ಣೆ ಹಚ್ಚಿದ. ಹೆಂಗಸರು ಮಾತಿಗೆ ಕೂತರೆ ಏಳುವಂತಿರಲಿಲ್ಲ. ಮಶಿನ್ ನೋಡುವುದೇ ಮರೆತುಹೋಗಿ, ಕಾಶಪ್ಪ ಅರ್ಧ ಹಾದಿಯಿಂದ ಮರಳಿ ಬಂದು ನೋಡಿ ಹೋದ.

ಐವತ್ತೇಳರಲ್ಲಿ ಕ್ಯಾಂಟನ್ನಿಂದ ಸುದ್ದಿ ಬಂತು. ಲಿಯಾಂಗ್‌ನ ತಾಯಿ ಹಾಸಿಗೆ ಹಿಡಿದಿದ್ದಳು. ಸೊಸೆಯ ಮುಖ ಒಮ್ಮೆ ನೋಡಬೇಕಂತೆ. ಮಶಿನ್ ಒಯ್ಯಲು ಅನುಮತಿ ಕೇಳಿ ಕಾಶಪ್ಪ ಅಮೆರಿಕಕ್ಕೆ ತಂತಿ ಕಳಿಸಿದ. ಕೂಡದು ಎಂದು ಒಂದೇ ಸಾಲಿನ ಉತ್ತರ ಬಂತು.

"ಸೆರಗಲ್ಲಿ ಮುಚ್ಚಿದರೆ ಯಾರಿಗೆ ಕಾಣ್ತದೆ?" ಎಂದ ಲಿಯಾಂಗ್, ತಲೆ ತಗ್ಗಿಸಿ.

ಸೇವಂತಿಯೇ ಮಶಿನ್ ಬಿಚ್ಚಿ, ತಂತಿ ಸುತ್ತಿ, ಕಾಶಪ್ಪನ ಅಂಗೈಯಲ್ಲಿಟ್ಟಳು. "ನಮಗಾಗಿ ನಿಂತವರು ನೀವು. ನಿಮ್ಮ ತಲೆ ತಗ್ಗುವ ಕೆಲಸ ನಾವು ಮಾಡುವುದಾ? ಬರುವವರೆಗೆ ಜೋಪಾನ ಮಾಡಿ."

ದಾನವ್ವ ಅದನ್ನು ಕಸೂತಿಯ ಚೀಲದಲ್ಲಿ ಹಾಕಿ ದೇವರ ಗೂಡಿನಲ್ಲಿಟ್ಟಳು. ಆ ಗೂಡಿನ ಕಡೆ ನೋಡಿದಾಗಲೆಲ್ಲ ಕಾಶಪ್ಪನಿಗೆ, ಹೆಣ್ಣುಮಗಳೊಬ್ಬಳ ಕಿವಿ ಕಸಿದು ಇಟ್ಟುಕೊಂಡಂತೆ ಅನ್ನಿಸುತ್ತಿತ್ತು.

ಹಡಗು ಮರಳಿದ ದಿನ ಕಾಶಪ್ಪ, ದಾನವ್ವ ಇಬ್ಬರೂ ಬಂದರಿಗೆ ಹೋದರು. ಸೇವಂತಿ ಸೊರಗಿದ್ದಳು. ಅಲ್ಲೇ ಪೆಟ್ಟಿಗೆಗಳ ಮೇಲೆ ಕೂರಿಸಿ ಕಾಶಪ್ಪ ಮಶಿನ್ ಹಚ್ಚಿದ.

"ಅತ್ತಿ ಏನಂದ್ರವಾ?" ದಾನವ್ವ ಕೇಳಿದಳು.

"ತುಂಬಾ ಮಾತಾಡಿದರು ಅಕ್ಕ. ಕಿವಿ ಇದ್ದಿದ್ದರೂ ಅವರ ಭಾಷೆ ನನಗೆ ಎಲ್ಲಿ ಬರ್ತದೆ? ದಿನಾ ಬೆಳಿಗ್ಗೆ ಮಲಗಿದಲ್ಲಿಂದಲೇ ನನ್ನ ತಲೆ ಬಾಚ್ತಿದ್ದರು. ನಾವು ಹೊರಡುವ ಮೊದಲೇ ಹೋದರು." ಕಿವಿ ಮುಟ್ಟಿಕೊಂಡು ಹೇಳಿದಳು, "ಸ್ವರ ಒಂದು ಕೇಳಬೇಕಿತ್ತು."

ಕಾಶಪ್ಪ ಮುಖ ತಿರುಗಿಸಿ ನಿಂತ. ಲಿಯಾಂಗ್ ಅವನ ಹೆಗಲ ಮೇಲೆ ಕೈಯಿಟ್ಟು, "ಕಾಶಪ್ಪಣ್ಣ, ಮನೆಗೆ ಹೋಗುವ. ಹಸಿವಾಗ್ತದೆ" ಎಂದ. ನಾಲ್ವರೂ ಒಂದೇ ಟ್ಯಾಕ್ಸಿಯಲ್ಲಿ ಒತ್ತಿಕೊಂಡು ಕೂತರು. ದಾರಿಯುದ್ದಕ್ಕೂ ದಾನವ್ವ ಚೆಂಬೂರಿನ ಸುದ್ದಿಯೆಲ್ಲ ಸೇವಂತಿಗೆ ಹೇಳುತ್ತಿದ್ದಳು.