ನೀರಿನ ದಂಡೆಯ ಉಪವಾಸ

ಹುಕ್ಕೇರಿಯ ತವರಿನಿಂದ ತಮ್ಮ ಬಂದಾಗಲೆಲ್ಲ ಒಂದು ಕೈಚೀಲ ತುಂಬಿ ತರುತ್ತಾನೆ. ಮೊನ್ನೆ ತಂದದ್ದರಲ್ಲಿ ಹಿತ್ತಲಿನ ಗವತಿ ಚಹಾದ ಒಂದು ಕಟ್ಟಿತ್ತು. ಚಹಾದಲ್ಲಿ ಹಾಕಿ ಕುದಿಸುತ್ತೇವಲ್ಲ, ನಿಂಬೆಯ ವಾಸನೆಯ ಉದ್ದನೆಯ ಹುಲ್ಲು, ಅದೇ. ಒಂದು ಗರಿಯನ್ನು ಬೆರಳಿಗೆ ಸುತ್ತಿ ಹರಿದೆ ನೋಡಿ, ಗೋಕಾಕದ ನನ್ನ ಅಡಿಗೆಮನೆಯ ಫರಸಿಕಲ್ಲಿನ ಮೇಲೆ ನಿಂತವಳು ಹಾಗೆಯೇ ಸಮುದ್ರ ದಾಟಿಬಿಟ್ಟೆ. ಒಗ್ಗರಣೆ ಸೀದು ಹೊಗೆ ಎದ್ದ ಮೇಲೆಯೇ ವಾಪಸು ಬಂದದ್ದು.

ಮಲೇಶಿಯಾದಲ್ಲಿ ಈ ಹುಲ್ಲಿಲ್ಲದೆ ಅಡಿಗೆಯೇ ಇಲ್ಲ. ಮಧ್ಯಾಹ್ನ ಯಾವ ಮನೆಯ ಮುಂದೆ ಹಾದರೂ ಈ ವಾಸನೆ, ಅದರ ಹಿಂದೆ ತೆಂಗಿನ ಹಾಲಿನ ವಾಸನೆ. ನಮ್ಮವರು ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವರು. ಅಲ್ಲಿಯ ಒಂದು ತಾಳೆ ಎಣ್ಣೆಯ ಗಿರಣಿಗೆ ಕೆಲಸಕ್ಕೆ ಹೋದರು, ಹಿಂದಿನಿಂದ ನಾನೂ ಹೋದೆ. ಕೆಲವು ವರ್ಷ ಇದ್ದು ಬಂದೆವು. ಊರಿಗೆ ಬಂದಾಗ ಎಲ್ಲರೂ ಕೇಳುತ್ತಿದ್ದರು, "ಏನೇನ್ ನೋಡಿದ್ರಿ ಅಲ್ಲೆ?" ಅವರಿಗೆ ಮುಗಿಲು ಮುಟ್ಟುವ ಕಟ್ಟಡಗಳ ವರ್ಣನೆ ಬೇಕು. ನಾನು ನೋಡಿದ್ದು ಮಂದಿಯ ಮನೆಯ ಬಟ್ಟೆ ಒಣಹಾಕುವ ತಂತಿಗಳನ್ನು. ಸಣ್ಣವಳಿದ್ದಾಗ ನಾನು ಕಲಿತ ಕಾನ್ವೆಂಟಿನ ಸಿಸ್ಟರ್ ಪಾಪ, ಪರರ ಮನೆಯೊಳಗೆ ಇಣುಕಬಾರದು ಎಂದು ಎಷ್ಟು ಸಲ ಹೇಳಿದ್ದರೋ. ಅಂಗಳದ ತಂತಿಯ ಬಗ್ಗೆ ಅವರು ಏನೂ ಹೇಳಿರಲಿಲ್ಲ, ಅದೇ ನನ್ನ ಪುಣ್ಯ. ಯಾವ ಮನೆಗೆ ನೆಂಟರು ಬಂದಿದ್ದಾರೆ, ಯಾವ ಮನೆಯಲ್ಲಿ ಕೂಸು ಹುಟ್ಟಿದೆ, ಎಲ್ಲ ನನಗೆ ತಂತಿಯಿಂದಲೇ ತಿಳಿಯುತ್ತಿತ್ತು.

ಪಕ್ಕದ ಮನೆಯ ತಂತಿಯ ತುಂಬ ಹೂವಿನ ಲುಂಗಿಗಳು. ಆ ಲುಂಗಿಗಳ ಒಡತಿ ಮಾಚಿಕ್. ಅದು ಹೆಸರಲ್ಲ, ನಾವು ಕಾಕಿ ಎನ್ನುವಂತೆ ಮಲಯ ಮಂದಿ ದೊಡ್ಡ ಹೆಂಗಸರಿಗೆ ಹಾಗೆನ್ನುತ್ತಾರೆ. ಆಕೆಯ ಗಂಡನಿಗೆ ಒಂದು ಹುಚ್ಚು. ಪುಟ್ಟ ಬೂದು ಬಣ್ಣದ ಬೆಳವನ ಹಕ್ಕಿಯೊಂದನ್ನು ಸಾಕಿ, ಅದನ್ನು ಹಾಡಿನ ಪೈಪೋಟಿಗೆ ತಯಾರು ಮಾಡುವುದು. ನಮ್ಮ ಕಡೆ ಓಟದ ಎತ್ತು ಸಾಕಿದವರು ಹೇಗೋ ಹಾಗೆ. ಎಲ್ಲಿಗೆ ತಿರುಗಾಡಲು ಹೋದರೂ ಕಾರಿನ ಮುಂದಿನ ಸೀಟಿನಲ್ಲಿ ಪಂಜರ, ಹಿಂದಿನ ಸೀಟಿನಲ್ಲಿ ಮಾಚಿಕ್ ಮತ್ತು ಮೊಮ್ಮಕ್ಕಳು.

ನಮ್ಮವರ ಹುಚ್ಚು ನೀರು. ಧುಪದಾಳದ ಒಡ್ಡಿನ ಮೇಲಿಂದ ಘಟಪ್ರಭೆ ಬೀಳುವುದನ್ನು ನೋಡುತ್ತ ಬೆಳೆದವರು. ಭಾನುವಾರ ಬಂತೆಂದರೆ ಎಲ್ಲಾದರೂ ಒಂದು ಜಲಪಾತ ಹುಡುಕಿ ಕರೆದೊಯ್ಯುವುದು, ಹೋದ ಮೇಲೆ ಸೊಂಟದ ಮೇಲೆ ಕೈಯಿಟ್ಟು ನಿಂತು, "ನಮ್ಮ ಗೋಕಾಕ ಫಾಲ್ಸಿನ ಮುಂದ ಇದು ನಳಾ ಬಿಟ್ಟಂಗ ಐತಿ ಬಿಡು," ಎನ್ನುವುದು. ಹಾಗೆ ಅನ್ನಲಿಕ್ಕೇ ಅಷ್ಟು ದೂರ ಹೋಗುತ್ತಿದ್ದರೋ ಏನೋ.

ನಮ್ಮತ್ತೆ ಕಲ್ಲೋಳಿಯಿಂದ ಬಂದು ನಮ್ಮ ಜೊತೆ ಇದ್ದದ್ದು ಇಂಥ ದಿನಗಳಲ್ಲಿ. ಮೂಡಲಗಿ ಸಂತೆಯ ಆಚೆ ಹೆಚ್ಚು ಕಂಡವರಲ್ಲ. ವಿಮಾನದಲ್ಲಿಯೂ ಬೆಳಗಾದ ಕೂಡಲೇ ಸೀಟಿನಲ್ಲಿಯೇ ಅಂಗೈ ಮೇಲೆ ಇಷ್ಟಲಿಂಗವಿಟ್ಟು ಪೂಜಿಸಿ, ಆಮೇಲೆಯೇ ನೀರು ಕುಡಿದ ಹೆಂಗಸು. ಕೊರಳಿನ ದಾರದಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ಟೊಂಕದಲ್ಲಿ ಸೀರೆಯ ಸುತ್ತಿನೊಳಗೆ ಅಡಿಕೆ ಇಡುವ ಬಟ್ಟೆಯ ಚಂಚಿ. ಇವೆರಡೂ ಮೈಮೇಲಿದ್ದರೆ ಯಾವ ದೇಶವಾದರೂ ಅವರಿಗೆ ಕಲ್ಲೋಳಿಯೇ.

ತಣ್ಣಗಿರುತ್ತದೆಂದು ದೊಡ್ಡ ಅಂಗಡಿಗೆ ಬರಲು ಅತ್ತೆಗೆ ಬಹಳ ಖುಷಿ. ಆದರೆ ಅಲ್ಲಿಯ ಉದ್ದುದ್ದ ಬದನೆಕಾಯಿ ಕಂಡರೆ ಸಿಟ್ಟು. ಒಂದನ್ನು ಎತ್ತಿ ಹಿಡಿದು, "ಹೊಟ್ಟಿನ ಇಲ್ಲಲ್ಲವಾ ಇದಕ್ಕ! ಎಣಗಾಯಿ ಹೆಂಗ ಮಾಡೂದು, ಮಸಾಲಿ ಎಲ್ಲಿ ತುಂಬೂದು?" ಎಂದು ಅಂಗಡಿಯ ಹುಡುಗಿಯನ್ನೇ ಕೇಳಿದ್ದರು. ಆ ಹುಡುಗಿ ನಕ್ಕು, ಎರಡು ಕೈಯಿಂದ ಚೀಲ ಹಿಡಿದು ಕೊಟ್ಟಳು. "ಮಾತ ತಿಳೀಲಿಲ್ಲಂದ್ರೂ ಮರ್ಯಾದಿ ತಿಳದೈತಿ ನೋಡ ಅಕಿಗೆ," ಎಂದರು ಅತ್ತೆ.

ಒಂದು ಭಾನುವಾರ ಮಾಚಿಕ್ ಕುಟುಂಬ, ನಾವು, ಎಲ್ಲ ಸೇರಿ ಕಾಡಿನೊಳಗಿನ ಒಂದು ಝರಿಗೆ ಹೋದೆವು. ಅಲ್ಲಿಯೇ ನಾಷ್ಟಾ ಮಾಡುವುದೆಂದು ಲೆಕ್ಕ. ಅತ್ತೆ ಬೆಳಗ್ಗೆ ಪೂಜೆ ಮುಗಿಸಿ, ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ, ಒಂದು ಬಟ್ಟಲು ಚಹಾ ಕುಡಿದಿದ್ದರು, ಅಷ್ಟೇ. ನಾನು ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಂಡಿದ್ದೆ. ಮಾಚಿಕ್ ತನ್ನ ಡಬ್ಬಿಗಳ ಸಾಲನ್ನೇ ತಂದಿದ್ದಳು. ಮಾಚಿಕ್‌ಳ ಯಜಮಾನರು ಮೊದಲು ಪಂಜರವನ್ನು ಮರಕ್ಕೆ ತೂಗುಹಾಕಿ, ಹಕ್ಕಿಗೆ ನೀರು ಕಾಣುತ್ತದೆಯೇ ಎಂದು ಬಗ್ಗಿ ನೋಡಿ, ಆಮೇಲೆ ಚಾಪೆ ಹಾಸಿದರು.

ಅತ್ತೆ ದಂಡೆಯಲ್ಲಿ ಕೂತು ಕಾಲು ಅದ್ದಿದರು. ಮಾಚಿಕ್ ಲುಂಗಿಯನ್ನು ಎದೆಯವರೆಗೆ ಕಟ್ಟಿಕೊಂಡು ಮೊಮ್ಮಕ್ಕಳ ಜೊತೆ ಝರಿಯಲ್ಲಿ ಮುಳುಗೇಳುತ್ತಿದ್ದಳು. ಅತ್ತೆ ಸ್ವಲ್ಪ ಹೊತ್ತು ನೋಡಿದರು. "ಅಯ್ಯ, ಇಷ್ಟ ವಯಸ್ಸಾಗೈತಿ, ಹೆಂಗ ಆಡತಾಳ ನೋಡ ಮೀನಿನಂಗ," ಎಂದರು. ಎಂದವರೇ ಎದ್ದು, ಇಳಕಲ್ ಸೀರೆ ಉಟ್ಟುಕೊಂಡೇ ನೀರಿಗೆ ಇಳಿದುಬಿಟ್ಟರು! ಸೊಂಟದವರೆಗೆ, ಆಮೇಲೆ ಕೊರಳವರೆಗೆ. ಮೇಲಿಂದ ಬೀಳುವ ನೀರಿಗೆ ತಲೆಯೊಡ್ಡಿ ನಗತೊಡಗಿದರು. ನಮ್ಮವರು ನನ್ನ ಕಡೆ ನೋಡಿ, "ನಮ್ಮವ್ವ ಹಿಂಗ ನಗೂದು ನಾ ಎಂದೂ ನೋಡಿದ್ದಿಲ್ಲ," ಎಂದರು. ತಾಯಿಯ ಹಲ್ಲುಗಳನ್ನು ಮೊದಲ ಸಲ ಕಂಡ ಮಗನ ಹಾಗಿತ್ತು ಅವರ ಮುಖ.

ದಂಡೆಗೆ ಬಂದು ಸೆರಗು ಹಿಂಡುವಾಗ ಅತ್ತೆಯ ಕೈ ಎದೆಯ ಮೇಲೆ ಹೋಯಿತು. ಅಲ್ಲಿಯೇ ನಿಂತಿತು.

ದಾರದ ಹರಿದ ತುದಿಯೊಂದು ಕುಪ್ಪಸಕ್ಕೆ ಅಂಟಿಕೊಂಡಿತ್ತು. ಕರಡಿಗೆ ಇರಲಿಲ್ಲ.

ಅವರು ಅಳಲಿಲ್ಲ. ಕಲ್ಲಿನ ಮೇಲೆ ಕೂತರು, ಅಷ್ಟೇ. ನಮ್ಮವರು ಪ್ಯಾಂಟು ಮಡಚಲಿಕ್ಕೂ ನಿಲ್ಲದೆ ನೀರಿಗೆ ಹಾರಿದರು. ಮಾಚಿಕ್‌ಳ ಯಜಮಾನರು ಕಲ್ಲಿನ ಸಂದುಗಳಲ್ಲಿ ಕೈಯಾಡಿಸತೊಡಗಿದರು. ಗುರುತಿಲ್ಲದ ಮಂದಿಯೂ ಇಳಿದು ಹುಡುಕಿದರು, ಏನು ಹುಡುಕುತ್ತಿದ್ದೇವೆಂದು ತಿಳಿಯದೆಯೇ. ನಾನು ರೊಟ್ಟಿಯ ಗಂಟು ಬಿಚ್ಚಿ ಹತ್ತಿರ ಹೋದೆ.

"ಅತ್ತಿ, ಗುಳಿಗಿ ತಗೊಂಡೀರಿ. ಒಂದ ತುತ್ತ ತಿನ್ರಿ, ಕೈ ನಡಗಾಕತ್ತಾವ."

"ಲಿಂಗಾ ಇಲ್ಲದ ನೀರ ಸೈತ ಬ್ಯಾಡ. ಹುಟ್ಟಿದಾಗ ಕಟ್ಟಿದ್ದು ಐತಿ ಅದು. ನಿನ್ನ ಮಾವ ಹ್ವಾದಾಗ ತಾಳಿ ಹ್ವಾತು, ನನ್ನ ಎದಿಮ್ಯಾಲ ಅದೊಂದ ಉಳೀತು."

ನೀರಿನಿಂದಲೇ ನಮ್ಮವರು ಕೂಗಿದರು, "ಅವ್ವಾ, ಊರಿಗೆ ಫೋನ್ ಹಚ್ಚಿ ಮಠದ ಅಯ್ಯಾರನ್ನ ಕೇಳೂಣು, ಬ್ಯಾರೆ ಕಟ್ಟಿಸಿಕೊಳ್ಳಾಕ ಬರ್ತೈತಿ..."

"ನೀ ಸುಮ್ಮ ಹುಡುಕು."

ಮಾಚಿಕ್ ನನ್ನ ತೋಳು ಹಿಡಿದು ಏನಾಯಿತೆಂದು ಕೇಳಿದಳು. ಆಕೆಯದು ಅರ್ಧ ಮಲಯ, ಅರ್ಧ ಇಂಗ್ಲಿಷ್. ನನ್ನ ಇಂಗ್ಲಿಷೋ, 'ಕ್ಷಮಿಸಿ', 'ದಯವಿಟ್ಟು', 'ಧನ್ಯವಾದ'ಗಳಿಂದಲೇ ತುಂಬಿದ್ದು. ಬಾಗಿಲಿಗೆ ಹಾಯ್ದರೆ ಬಾಗಿಲಿಗೂ ಕ್ಷಮಿಸಿ ಎನ್ನುವವಳು ನಾನು. ಇಷ್ಟಲಿಂಗಕ್ಕೆ ಆ ಇಂಗ್ಲಿಷಿನಲ್ಲಿ ಮಾತಿಲ್ಲ. ಚಿಕ್ಕದು, ಕಪ್ಪಗಿದೆ, ಅವರ ದೇವರು, ಅದಿಲ್ಲದೆ ಉಣ್ಣುವುದಿಲ್ಲ ಎಂದೆ.

"ನೀರೂ ಇಲ್ಲವೇ?" ಎಂದಳು.

"ನೀರೂ ಇಲ್ಲ."

ಯಾಕೆ ಎಂದು ಕೇಳಲಿಲ್ಲ. ರಮಜಾನಿನ ನೀರಿಲ್ಲದ ಉಪವಾಸ ತನಗೂ ಗೊತ್ತು ಎನ್ನುವಂತೆ ತಲೆಯಾಡಿಸಿ, ಚಾಪೆಗೆ ಹೋಗಿ, ತೆರೆದಿಟ್ಟ ಡಬ್ಬಿಗಳನ್ನು ಒಂದೊಂದಾಗಿ ಮುಚ್ಚಿದಳು. ಮೊಮ್ಮಕ್ಕಳಿಗೆ ಏನೋ ಹೇಳಿದಳು. ನನಗೆ ತಿಳಿದದ್ದು ಇಷ್ಟು: ಅಜ್ಜಿ ಉಂಡ ಮೇಲೆ ನಾವು. ಆಮೇಲೆ ಬಂದು ಅತ್ತೆಯ ಪಕ್ಕದ ಕಲ್ಲಿನ ಮೇಲೆ ತಾನೂ ಕೂತಳು. ಮಾತಾಡಲು ಅವರಿಬ್ಬರ ನಡುವೆ ಭಾಷೆ ಇರಲಿಲ್ಲ.

ಹೊತ್ತು ಏರಿತು. ಅತ್ತೆಯ ಹಣೆಯ ಮೇಲೆ ಬೆವರು, ಮೈಯೆಲ್ಲ ನಡುಕ. ಒದ್ದೆ ಸೀರೆಯಾದರೂ ಬಿಚ್ಚಿರೆಂದರೆ, "ಈ ಬಯಲಾಗ? ಬುದ್ಧಿ ಐತಿಲ್ಲ ನಿನಗ?" ಎಂದರು. ಆಗ ಮಾಚಿಕ್ ಎದ್ದಳು. ಎರಡು ಒಣ ಲುಂಗಿ ತಂದು, ಒಂದನ್ನು ನನ್ನ ಕೈಗೆ ಕೊಟ್ಟು, ಇನ್ನೊಂದರ ತುದಿ ತಾನು ಹಿಡಿದು, ನಮ್ಮಿಬ್ಬರ ತೋಳುಗಳಿಂದ ಅತ್ತೆಯ ಸುತ್ತ ಒಂದು ಗೋಡೆ ಕಟ್ಟಿದಳು. ಮುಖ ಆಚೆ ತಿರುಗಿಸಿ ನಿಂತಳು. ಆ ಮುಖ ತಿರುಗಿಸಿದ ರೀತಿಗೇ ಅತ್ತೆ ಸೋತರೆಂದು ಕಾಣುತ್ತದೆ. "ಹೂಂ, ಹಿಡೀರಿ ಗಟ್ಟಿ," ಎಂದು ನಿರಿಗೆ ಸಡಿಲಿಸಿದರು.

ಸುತ್ತಿನ ಮೇಲೆ ಸುತ್ತು ಬಿಚ್ಚಿತು. ಮೊದಲು ಚಂಚಿ ಬಿತ್ತು, ನೀರು ಸುರಿಸುತ್ತ. ಅದರ ಹಿಂದೆಯೇ, ಠಣ್ ಎಂದು, ಬೆಳ್ಳಿಯ ಕರಡಿಗೆ.

ಅತ್ತೆ ಬಾಯಿಗೆ ಸೆರಗು ಹಿಡಿದರು. "ಟೊಂಕಕ್ಕ ಗಂಟ ಒತ್ತಾಕತ್ತಿತ್ತವಾ! ಚಂಚಿ ಅಂದ್ಕೊಂಡ ಕುಂತೇನಿ!" ಮಾಚಿಕ್‌ಗೆ ಮಾತು ತಿಳಿಯಲಿಲ್ಲ, ಕೆಳಗೆ ಬಿದ್ದದ್ದು ಕಂಡಿತು. ಇಬ್ಬರು ಮುದುಕಿಯರು, ಒಬ್ಬರು ಅರ್ಧ ಉಟ್ಟುಕೊಂಡು, ಇನ್ನೊಬ್ಬರು ಲುಂಗಿಯ ಗೋಡೆ ಹಿಡಿದುಕೊಂಡು, ನಗುತ್ತ ಅತ್ತರು. ನಾನು ಗೋಡೆ ಬಿಡುವ ಹಾಗಿರಲಿಲ್ಲ, ಮೂಗು ತೋಳಿಗೇ ಒರೆಸಿಕೊಂಡೆ. ಸಿಸ್ಟರ್ ನೋಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ನೀರಿನಲ್ಲಿ ನಮ್ಮವರು ಇನ್ನೂ ಹುಡುಕುತ್ತಲೇ ಇದ್ದರು. ಅವರಿಗೆ ಹೇಳುವುದು ನಮಗೆ ಸ್ವಲ್ಪ ಹೊತ್ತು ನೆನಪಾಗಲೇ ಇಲ್ಲ.

ಅತ್ತೆ ಹೂವಿನ ಲುಂಗಿ ಉಟ್ಟು, ಇನ್ನೊಂದನ್ನು ಸೆರಗಿನಂತೆ ಹೊದ್ದು, ಮಾಚಿಕ್‌ಳ ಚಾಪೆಯ ಅಂಚಿನಲ್ಲಿ ಕೂತು ಪೂಜೆ ಮಾಡಿದರು. ಮಕ್ಕಳು ಉಸಿರು ಬಿಗಿಹಿಡಿದು ನೋಡಿದವು. ಮುಗಿದ ಮೇಲೆ ರೊಟ್ಟಿ ಮುರಿದು ಮೊದಲ ತುಂಡನ್ನು ಮಾಚಿಕ್‌ಗೆ ಕೊಟ್ಟರು. ಶೇಂಗಾ ಚಟ್ನಿಯ ಖಾರಕ್ಕೆ ಆಕೆಯ ಕಣ್ಣಲ್ಲಿ ಮತ್ತೆ ನೀರು. ಬೇರೆಯವರ ಮನೆಯ ನೀರೂ ಮುಟ್ಟದ ನಮ್ಮತ್ತೆ ಆಕೆ ಕೊಯ್ದುಕೊಟ್ಟ ಕಲ್ಲಂಗಡಿಯ ಹೋಳನ್ನು ಎರಡು ಕೈಯಿಂದ ತೆಗೆದುಕೊಂಡರು.

ಇದನ್ನು ನಾನು ಎಷ್ಟೋ ಮಂದಿಗೆ ಹೇಳಿದ್ದೇನೆ. ಹೇಳುವಾಗಲೆಲ್ಲ ಅತ್ತೆಯ ನಿಷ್ಠೆ ಒಂದು ಕಡೆ, ಮಾಚಿಕ್‌ಳ ಕರುಣೆ ಒಂದು ಕಡೆ ಇಟ್ಟು ಹೇಳುವುದು ರೂಢಿ. ಮೊನ್ನೆ ಸೀದ ಒಗ್ಗರಣೆಯ ಪಾತ್ರೆ ತಿಕ್ಕುತ್ತ, ಪಡಸಾಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದ ಅತ್ತೆಯನ್ನು, ಈವರೆಗೆ ಕೇಳದ ಒಂದು ಮಾತು ಕೇಳಿದೆ.

"ಅತ್ತಿ, ಅವತ್ತ ಲಿಂಗಾ ಸಿಗದಿದ್ರ ಏನ್ ಮಾಡ್ತಿದ್ರಿ?"

"ಉಣ್ತಿದ್ದೆ."

ಪಾತ್ರೆ ನನ್ನ ಕೈಯಲ್ಲೇ ಉಳಿಯಿತು. "ಲಿಂಗಾ ಇಲ್ಲದ?"

"ಮತ್ತೇನ್ ಮಾಡ್ಲಿ? ಆ ತಾಯಿ ಕೂಸುಗಳ್ನ ಸೈತ ಉಪಾಸ ಕುಂದ್ರಿಸಿದ್ಲು. ಸಣ್ಣ ಹುಡುಗಿ ಮುಚ್ಚಿದ ಡಬ್ಬೀನ ನೋಡಾಕತ್ತಿತ್ತು. ಮಂದಿ ಮಕ್ಕಳ ಹೊಟ್ಟಿ ಉರಿಸಿ ನಾ ಏನ್ ಪೂಜಿ ಮಾಡ್ಲಿ? ಎದರಿಗಿನ ಕಲ್ಲಿಗೆ ಬಿಸಲ ಬರೂತನ ನೋಡೂದು, ಬಂತಂದ್ರ ಉಂಡಬಿಡೂದು ಅಂತ ಮನಸಿನ್ಯಾಗ ಮಾತಾಡಿಕೊಂಡಿದ್ದೆ." ಬೆಳ್ಳುಳ್ಳಿಯ ಸಿಪ್ಪೆ ಊದಿದರು. "ಅಷ್ಟರಾಗ ಸಿಕ್ತು. ನಿನ್ನ ಗಂಡಗ ಹೇಳಬ್ಯಾಡ ಮತ್ತ. ಅಂವಾ ನನ್ನ ಭಾಳ ದೊಡ್ಡ ಶರಣಿ ಅಂತ ತಿಳದಾನ."

ಹುಟ್ಟಿದಾಗಿನ ನೇಮವನ್ನು ಈ ಹೆಂಗಸು ಆ ಕಲ್ಲಿನ ಮೇಲೆ ಕೂತು, ಹೆಸರೂ ಗೊತ್ತಿಲ್ಲದ ಒಂದು ಕೂಸಿಗಾಗಿ, ಮನಸ್ಸಿನಲ್ಲಿ ಆಗಲೇ ಬಿಟ್ಟುಕೊಟ್ಟಿದ್ದರು. ಅಷ್ಟು ಹತ್ತಿರ ನಿಂತಿದ್ದರೂ ನನಗೆ ಅದು ಕಂಡಿರಲಿಲ್ಲ.

"ಏನ್ ನೋಡ್ತಿ? ಅಕಿ ನಂಬರ ಐತೇನ ನಿನ್ನ ಫೋನಿನ್ಯಾಗ? ಹಚ್ಚಿ ಕೊಡು."

ಹಚ್ಚಿದೆ. ಪರದೆಯ ಮೇಲೆ ಮಾಚಿಕ್ ಬಂದಳು, ಮುಖ ಸೊರಗಿದೆ, ನಗು ಅದೇ. ನಾನು ಎಂದಿನಂತೆ ನಡುವೆ ನಿಂತು ಇಬ್ಬರಿಗೂ ತಿಳಿಸಿ ಹೇಳಲು ಗಂಟಲು ಸರಿಮಾಡಿಕೊಂಡೆ. ಅತ್ತೆ ಕಾಯಲಿಲ್ಲ. ಫೋನನ್ನು ಮುಖದ ಹತ್ತಿರ ಹಿಡಿದು ದೊಡ್ಡ ದನಿಯಲ್ಲಿ ಕೇಳಿದರು, "ಊಟಾ ಆತೇನವಾ?"

ಆ ಹೊತ್ತಿಗೇ ಆಚೆಯಿಂದ ಮಾಚಿಕ್ ಕೇಳಿದ್ದಳು, "ಸುದಾ ಮಾಕಾನ್?" ಅವರಲ್ಲಿ ಯಾರನ್ನು ಮಾತಾಡಿಸಿದರೂ ಮೊದಲು ಕೇಳುವುದು ಅದನ್ನೇ, ಊಟವಾಯಿತೇ ಎಂದು.

ಇಬ್ಬರೂ ಹೂಂ ಎಂದು ತಲೆಯಾಡಿಸಿದರು. ನಾನು ಫೋನನ್ನು ಅವರ ಕೈಯಲ್ಲೇ ಬಿಟ್ಟು ಒಳಗೆ ಬಂದೆ.