ಬರೆದವನೋ, ಹಸಿದವನೋ

ನಮ್ಮ ಮೇಷ್ಟ್ರ ಎಡಹುಬ್ಬು ಬಲಹುಬ್ಬಿಗಿಂತ ಒಂದು ಬೆರಳು ಮೇಲಿತ್ತು. ಸುಮ್ಮನೆ ಕೂತಿದ್ದರೂ ಯಾರನ್ನೋ ಪ್ರಶ್ನೆ ಕೇಳುತ್ತಿರುವ ಹಾಗೆ ಕಾಣುತ್ತಿದ್ದರು. ಹಗಲು ಮಾಗಡಿಯ ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿ ಬಂದವರು ಸಂಜೆ ಊರಿನ ತಮ್ಮ ಮನೆ ಜಗುಲಿಯಲ್ಲಿ ನಮಗೆಲ್ಲ ಪುಕ್ಕಟೆ ಪಾಠ ಮಾಡುತ್ತಿದ್ದರು. ಫ್ರಾನ್ಸಿನ ಕ್ರಾಂತಿ ಬಂತೆಂದರೆ ಊಟದ ನೆನಪೂ ಇರುತ್ತಿರಲಿಲ್ಲ. ಹುಟ್ಟಿನಿಂದ ಯಾರೂ ದೊರೆಯಲ್ಲ, ಯಾರೂ ಆಳಲ್ಲ ಎಂದು ಕೆಲವು ತತ್ವಜ್ಞಾನಿಗಳು ಬರೆದರಂತೆ. ಅವರು ಸತ್ತು ಎಷ್ಟೋ ವರ್ಷದ ಮೇಲೆ ಜನ ಅರಮನೆಗೆ ನುಗ್ಗಿದರಂತೆ. ಕೊನೆಗೆ ಅದೇ ಪ್ರಶ್ನೆ: "ಹಂಗಾದ್ರೆ ಕ್ರಾಂತಿ ಮಾಡಿದ್ದು ಬರೆದವನಾ, ಹಸಿದವನಾ?" ತಮಗೂ ಗೊತ್ತಿಲ್ಲ ಎಂದು ಅವರೇ ನಗುತ್ತಿದ್ದರು.

ಮೇಷ್ಟ್ರ ಪಾಲಿನ ಹೊಲವನ್ನು ವಾರಕ್ಕೆ ಮಾಡುತ್ತಿದ್ದವನು ನಮ್ಮಪ್ಪ. ಬೆಳೆದದ್ದರಲ್ಲಿ ಅರ್ಧ ಅವರ ಮನೆಗೆ ಹೋಗುತ್ತಿತ್ತು. ನನ್ನನ್ನು ಕರೆದೊಯ್ಯಲು ಬಂದು ಜಗುಲಿಯ ಕೆಳಗೆ ಕುಕ್ಕುರುಗಾಲಲ್ಲಿ ಕಾಯುತ್ತಿದ್ದ. ಪಾಠ ಅವನ ಕಿವಿಗೂ ಬೀಳುತ್ತಿದೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಉಳುವವನಿಗೇ ಭೂಮಿ ಎಂಬ ಕಾನೂನು ಬಂದಾಗ ಅಪ್ಪ ಆ ಹೊಲಕ್ಕೆ ಅರ್ಜಿ ಹಾಕಿಬಿಟ್ಟ. ಇದ್ದ ವಾರದ ಪಾಲೂ ಹೋಯಿತೆಂದು ಅವ್ವ ಅತ್ತಳು. ಹೊಲದ ಮೂಲೆಯಲ್ಲಿ ಮೇಷ್ಟ್ರ ತಂದೆಯ ಸಮಾಧಿಯಿತ್ತು. ಅರ್ಜಿ ಹಾಕಿದವನು ಬರೀ ಕೂಲಿಯಾಳು, ವಾರದವನಲ್ಲ ಎಂದುಬಿಡು, ಹೊಲ ಉಳಿಯುತ್ತದೆ ಎಂದು ಅಣ್ಣಂದಿರು ಮೇಷ್ಟ್ರಿಗೆ ಒತ್ತಾಯ ಮಾಡಿದರು.

ಮೇಷ್ಟ್ರು ನೆಟ್ಟಗೆ ನಮ್ಮ ಮನೆಗೆ ಬಂದರು. ಬೈಯಲಿಲ್ಲ. ಎಡಹುಬ್ಬು ಮಾತ್ರ ಇನ್ನೂ ಮೇಲೇರಿತ್ತು. "ನಿಜ ಹೇಳಪ್ಪ. ನನ್ನ ಪಾಠ ಕೇಳಿ ಅರ್ಜಿ ಹಾಕಿದ್ಯೋ, ಹೊಟ್ಟೆಗಿಲ್ದೆ ಹಾಕಿದ್ಯೋ?"

ಅಪ್ಪ ನೆಲ ನೋಡಿಕೊಂಡೇ ಹೇಳಿದ. "ಹೊಟ್ಟೆ ಮೊದ್ಲಿಂದ್ಲೂ ಹಸೀತಿತ್ತು ಮೇಷ್ಟ್ರೇ. ಅದು ನಮ್ಮ ಹಣೇಬರ ಅಲ್ಲ ಅಂತ ಗೊತ್ತಾಗಿದ್ದು ನಿಮ್ಮ ಜಗುಲಿ ಕೆಳಗೆ ಕುಂತ್ಕಂಡಾಗ."

ಮೇಷ್ಟ್ರು ಅವ್ವ ಕೊಟ್ಟ ಮಜ್ಜಿಗೆ ಕುಡಿದು ಎದ್ದುಹೋದರು. ವಿಚಾರಣೆಯ ದಿನ ಎಲ್ಲರೆದುರು, ಹೊಲ ಮಾಡುತ್ತಿರುವವನು ಇವನೇ ಎಂದರು. ಹೊಲ ಅಪ್ಪನ ಹೆಸರಿಗಾಯಿತು, ಅಣ್ಣಂದಿರು ಮೇಷ್ಟ್ರ ಜೊತೆ ಮಾತು ಬಿಟ್ಟರು.

ಆ ಹೊಲದ ರಾಗಿ ತಿಂದೇ ನಾನು ಓದಿದೆ, ಮೇಷ್ಟ್ರ ಹಾಗೇ ಚರಿತ್ರೆ ಹೇಳುವವಳಾದೆ. ಹೊಲ ಹೋಗಿದ್ದಕ್ಕೆ ಬೇಜಾರಾಗಲಿಲ್ಲವೇ ಎಂದು ಒಮ್ಮೆ ಮೇಷ್ಟ್ರನ್ನೇ ಕೇಳಿದೆ. ಆಯಿತು, ತುಂಬಾ ಆಯಿತು ಎಂದರು. ಆದರೆ ಅಪ್ಪ ಕೊಟ್ಟಂಥ ಉತ್ತರ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲವಂತೆ.

ಅವರು ತೀರಿಕೊಂಡ ಬೆಳಿಗ್ಗೆ ಅವರ ಮಗ ನಮ್ಮ ಬಾಗಿಲಿಗೆ ಬಂದ. ತಾತನ ಸಮಾಧಿ ಪಕ್ಕ ಒಸಿ ಜಾಗ ಬೇಕೆಂದು ಕೇಳಲು ಬಾಯಿ ಬಾರದೆ ನಿಂತಿದ್ದ. ನಿಮ್ಮಪ್ಪ ಎಲ್ಲಿ ಎಂದ. ಅಪ್ಪ ಆಗಲೇ ಗುದ್ದಲಿ ಹೆಗಲಿಗೇರಿಸಿಕೊಂಡು ಹೊಲಕ್ಕೆ ಹೋಗಿಯಾಗಿತ್ತು.