ಎಡಗಾಲು ಸವೆದ ಮಿಷಿನ್ನು

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಮೋಟಾರು ರಿಪೇರಿ ಮಾಡುವವನನ್ನು ಎಲ್ಲರೂ ಗಪ್‌ಚುಪ್ ಮೇಸ್ತ್ರಿ ಎನ್ನುತ್ತಾರೆ. ಮಾತು ಕಡಿಮೆ ಎಂದಲ್ಲ. ಅವನು ಮಾತಿಗೆ ನಿಂತರೆ ಗಿರಾಕಿಗೆ ಬಸ್ಸು ತಪ್ಪಿತೆಂದೇ ಲೆಕ್ಕ. ಅವನ ಕೈಯಿಂದ ಹೊರಬಿದ್ದ ಫ್ಯಾನು, ಮಿಕ್ಸಿ, ಪಂಪು ಯಾವುದೂ ಆಮೇಲೆ ಸದ್ದು ಮಾಡುವುದಿಲ್ಲ, ಅದಕ್ಕೆ ಆ ಹೆಸರು. ಯಾವ ಮೋಟಾರು ಬಂದರೂ ಮೊದಲು ಹಳೇ ಬೇರಿಂಗ್ ಕಿತ್ತು ಮೂಲೆಯ ಡಬ್ಬಕ್ಕೆ ಎಸೆಯುತ್ತಾನೆ, ಉಳಿದದ್ದೆಲ್ಲ ಆಮೇಲೆ. ಯೋಚಿಸಿ ಮಾಡುವ ಕೆಲಸವಲ್ಲ ಅದು, ಕೈಗೆ ಹತ್ತಿದ ರೂಢಿ.

ಅಂಗಡಿಯ ಹಿಂದೆಯೇ ಮನೆ. ಒಂದು ಅಡುಗೆಮನೆ, ಒಂದು ಕೋಣೆ. ಕೋಣೆಯ ಕಿಟಕಿ ಪಕ್ಕದ ಕುರ್ಚಿಯಲ್ಲಿ ಅವನ ತಾಯಿ ಕೂತಿರುತ್ತಾಳೆ. ಪೇಟೆಯ ದೊಡ್ಡ ಹೋಟೆಲಿನ ಕಾರಿಡಾರುಗಳಲ್ಲಿ ಕಾರ್ಪೆಟ್ಟಿನ ಧೂಳು ಹೀರುವ ಮಿಷಿನ್ನು ಎಳೆಯುತ್ತ ಆಯುಷ್ಯ ಕಳೆದವಳು. ಈಚೆಗೆ ಅವಳಿಗೆ ಮರೆವು. ಮೊದಲು ಮನೆಗೆ ಬರುವ ದಾರಿ ಮರೆಯಿತು, ಆಮೇಲೆ ಗಂಡ ತೀರಿಕೊಂಡದ್ದು, ಆಮೇಲೆ ಸೊಸೆ. ಕೊನೆಗೆ ಮಗ. ಈಗ ಅವನು ಊಟದ ತಟ್ಟೆ ತಂದರೆ ಕುರ್ಚಿಯ ಕೈ ಹಿಡಿದು ಎದ್ದು ನಿಲ್ಲಲು ನೋಡುತ್ತಾಳೆ.

"ಕೂತ್ಕೊಳಮ್ಮಾ."

"ಇರ್ಲಿ ಸಾಹೇಬ್ರೇ. ಮೂರನೇ ಮಹಡಿ ಇನ್ನೂ ಬಾಕಿ ಇದೆ."

ಅವಳ ಲೆಕ್ಕದಲ್ಲಿ ಅವನು ಹೋಟೆಲಿನ ಮ್ಯಾನೇಜರ್. "ರಾತ್ರೋರಾತ್ರಿ ಪ್ರಮೋಷನ್ ಸಿಕ್ತಲ್ರೀ ನಿಮಗೆ, ಇನ್ನು ಕೋಟು ಹೊಲಿಸ್ಕೊಳ್ಳಿ," ಎಂದು ಹೆಂಡತಿ ಮೊದಮೊದಲು ತಮಾಷೆ ಮಾಡುತ್ತಿದ್ದಳು, ಅವನೂ ನಗುತ್ತಿದ್ದ. ಈಗ ಇಬ್ಬರೂ ನಗುವುದಿಲ್ಲ. ತಲೆ ನರೆತ ಮೇಲೂ ಅವನನ್ನು "ಏನೋ ಮರಿ" ಎಂದೇ ಕರೆಯುತ್ತಿದ್ದ ಬಾಯಿ ಅದು. ಕಣ್ಣು ಮುಚ್ಚುವ ಮೊದಲು ಅವಳು ಇನ್ನೊಂದೇ ಒಂದು ಸಲ ಹಾಗೆ ಕರೆಯಲಿ ಎಂಬುದು ಬಿಟ್ಟರೆ ಅವನಿಗೆ ಬೇರೆ ಆಸೆ ಉಳಿದಿರಲಿಲ್ಲ.

"ಹಳೇ ವಸ್ತು ಏನಾದ್ರೂ ಇದ್ರೆ ಕೈಗೆ ಕೊಟ್ಟು ನೋಡಿ. ಆದ್ರೆ ನಾನೇನೂ ಭರವಸೆ ಕೊಡಲ್ಲ," ಎಂದಿದ್ದರು ಡಾಕ್ಟರು.

ಹೋಟೆಲು ಮುಚ್ಚಿ ಅದರ ಸಾಮಾನೆಲ್ಲ ಗುಜರಿ ಅಂಗಡಿ ಸೇರಿತ್ತು. ಮೇಸ್ತ್ರಿ ಅಲ್ಲಿಗೆ ಹೋದ. ಮಂಚದ ಕಬ್ಬಿಣ, ಒಡೆದ ಕನ್ನಡಿಗಳ ಆಚೆ ಉದ್ದನೆ ಸಿಲಿಂಡರಿನಂಥ ನಾಲ್ಕು ಮಿಷಿನ್ನುಗಳು ಬಿದ್ದಿದ್ದವು. ನಾಲ್ಕಕ್ಕೂ ಒಂದೇ ಬೂದಿ ಬಣ್ಣ ಬಳಿದಿತ್ತು. ಕಂಪನಿಯ ಫಲಕ ಒಂದರಲ್ಲೂ ಇರಲಿಲ್ಲ, ಹಿಡಿಕೆಗಳಿಗೆಲ್ಲ ಒಂದೇ ಥರ ಬಟ್ಟೆಪಟ್ಟಿ.

"ಒಂದೇ ಬಸುರಲ್ಲಿ ಹುಟ್ಟಿದ ಹಾಗಿವೆ. ನಿಮ್ಮಮ್ಮಂದು ಯಾವುದು ಅಂತ ಹೆಂಗಯ್ಯಾ ಹೇಳ್ತೀಯಾ?" ಎಂದ ಗುಜರಿಯವನು.

ಮೇಸ್ತ್ರಿ ಒಂದೊಂದನ್ನೇ ಬಿಚ್ಚಿದ. ಎರಡರ ಒಳಗೆ ಪ್ಲಾಸ್ಟಿಕ್ ಹೊದಿಕೆಯ ತಂತಿ; ಅವು ಆಮೇಲಿನವು, ಪಕ್ಕಕ್ಕೆ ಸರಿಸಿದ. ಉಳಿದೆರಡರಲ್ಲಿ ಹತ್ತಿ ನೂಲು ಸುತ್ತಿದ ಹಳೇ ತಂತಿ. ಬಣ್ಣ ಕೆರೆದರೆ ಎರಡರಲ್ಲೂ ಕೆಳಗೆ ಅವನು ಚಿಕ್ಕಂದಿನಲ್ಲಿ ಕಂಡ ಅದೇ ಕಡುಹಸಿರು. ಗುಜರಿಯವನು ಆಕಳಿಸಿದ. ಕೊನೆಗೆ ಮೇಸ್ತ್ರಿ ಎರಡನ್ನೂ ಬುಡಮೇಲು ಮಾಡಿದ. ಈ ಮಿಷಿನ್ನುಗಳಿಗೆ ಗಾಲಿ ಇಲ್ಲ, ಜಾರಿಕೊಂಡು ಹೋಗಲು ಹೊಟ್ಟೆಯ ಕೆಳಗೆ ಎರಡು ಕಬ್ಬಿಣದ ಪಟ್ಟಿಗಳಿವೆ. ಒಂದರಲ್ಲಿ ಎರಡೂ ಪಟ್ಟಿ ಸಮನಾಗಿದ್ದವು. ಇನ್ನೊಂದರ ಎಡಪಟ್ಟಿ ಮಾತ್ರ ಚಾಕುವಿನ ಅಲಗಿನಷ್ಟು ತೆಳ್ಳಗಾಗಿತ್ತು.

ಮೇಸ್ತ್ರಿ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಅವನು ಚಿಕ್ಕವನಿದ್ದಾಗ, ಮನೆಯಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲದೆ ತಾಯಿ ಅವನನ್ನು ಕೆಲಸಕ್ಕೆ ಕರೆದೊಯ್ಯುತ್ತಿದ್ದಳು, ಮಿಷಿನ್ನಿನ ಬೆನ್ನ ಮೇಲೆ ಕೂರಿಸಿ ಕಾರಿಡಾರಿನುದ್ದಕ್ಕೂ ಎಳೆಯುತ್ತಿದ್ದಳು. ಮುಂದೆ ಅವಳ ಬೆನ್ನು ಅಡ್ಡ. ಆಚೆ ಏನಿದೆ ನೋಡಲು ಅವನು ಯಾವಾಗಲೂ ಎಡಕ್ಕೇ ವಾಲುತ್ತಿದ್ದ.

"ಇದೇ," ಎಂದ.

ಅಂಗಡಿಯ ಬೇರೆ ಕೆಲಸಗಳೆಲ್ಲ ಮೂಲೆ ಸೇರಿದವು. ಬೂದಿ ಬಣ್ಣವನ್ನು ಬೆರಳಗಲ ಬೆರಳಗಲವಾಗಿ ಕೆರೆದು ಹಸಿರನ್ನು ಹೊರತೆಗೆದ. ಸುಟ್ಟುಹೋದ ಸುರುಳಿ ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತಿದ. ಮೋಟಾರಿಗೆ ಕರೆಂಟು ಮುಟ್ಟಿಸುವ ಕಾರ್ಬನ್ ಆ ಅಳತೆಯಲ್ಲಿ ಸಿಗದೆ, ದೊಡ್ಡ ತುಂಡನ್ನು ಉಜ್ಜಿ ಮಾಡಿದ. ದಪ್ಪ ಬಟ್ಟೆ ತಂದು ಧೂಳಿನ ಚೀಲ ಹೊಲಿದವಳು ಹೆಂಡತಿ. ಹಿಡಿಕೆಗೆ ತಾಯಿ ಎಂದೋ ಸುತ್ತಿದ್ದ ಬಟ್ಟೆಪಟ್ಟಿ ಜಿಡ್ಡುಗಟ್ಟಿ ಕಪ್ಪಾಗಿತ್ತು. ಅದನ್ನು ಮಾತ್ರ ಅವನು ಮುಟ್ಟಲಿಲ್ಲ.

ಒಂದು ಬೆಳಿಗ್ಗೆ ಮಿಷಿನ್ನನ್ನು ಕೋಣೆಗೆ ತಂದು ಹಿಡಿಕೆಯನ್ನು ತಾಯಿಯ ಕೈಗಿಟ್ಟ. ಬೆರಳುಗಳು ತಡಕಾಡಿ, ಬಟ್ಟೆಪಟ್ಟಿಯ ತಗ್ಗುಗಳನ್ನು ಹುಡುಕಿಕೊಂಡು ಅಲ್ಲಿ ಕೂತವು. ಅವಳ ಬೆನ್ನು ನೆಟ್ಟಗಾಯಿತು.

"ನಂದು," ಎಂದಳು.

ಬಾಗಿಲಲ್ಲಿ ನಿಂತ ಹೆಂಡತಿ ಗಂಡನ ಮುಖ ನೋಡಿದಳು. ಅವನು ಸ್ವಿಚ್ಚು ಒತ್ತಿದ. ಮಲಗಿದ ಮಗುವಿನ ಉಸಿರಿನಂತೆ ಮಿಷಿನ್ನು ನಡೆಯಿತು.

"ಶುರುವಾಯ್ತೇನ್ರೀ?" ಎಂದಳು ಹೆಂಡತಿ. ಅರೆಗಳಿಗೆ ಮೇಸ್ತ್ರಿಯ ಎದೆ ಉಬ್ಬಿತು.

ತಾಯಿ ತಲೆ ವಾಲಿಸಿ ಕೇಳಿಸಿಕೊಂಡಳು. ಯಾವುದಕ್ಕೋ ಕಾದಳು. ಆಮೇಲೆ ಹಿಡಿಕೆಯನ್ನು ಮೆಲ್ಲಗೆ ಅವನತ್ತ ಚಾಚಿದಳು.

"ಇದು ನಮ್ಮದಲ್ಲ ಸಾಹೇಬ್ರೇ. ನಮ್ಮದು ಅಳುತ್ತೆ. ಅದು ಅಳೋಕೆ ಶುರು ಮಾಡಿದ್ರೆ ನಮ್ಮ ಮರಿ ಅದರ ಮೇಲೆ ಕೂತ್ಕೊಂಡು ಜೊತೆಗೆ ರಾಗ ತೆಗೀತಾನೆ."

"ಅಮ್ಮಾ, ಆ ಮರಿ ನಾನೇ ಕಣಮ್ಮಾ."

"ನಿಮಗೆ ಯಾವಾಗ್ಲೂ ತಮಾಷೆ," ಎಂದು ಅವಳು ಮರ್ಯಾದೆಗೆ ನಕ್ಕಳು.

ಅಳುತ್ತಿದ್ದದ್ದು ಸವೆದ ಬೇರಿಂಗು, ರೂಢಿಯಂತೆ ಅವನೇ ಕಿತ್ತು ಎಸೆದದ್ದು. ಮೂಲೆಯ ಡಬ್ಬ ಗುಜರಿಯವನಿಗೆ ಹೋಗಿ ಖಾಲಿಯಾಗಿತ್ತು. ಮೇಸ್ತ್ರಿ ಚಪ್ಪಲಿ ಮೆಟ್ಟದೆ ಗುಜರಿ ಅಂಗಡಿಗೆ ಓಡಿದ.

"ಬೇರಿಂಗಾ? ಲೋಡು ಆಗ್ಲೇ ಕರಗಿಸೋಕೆ ಹೋಯ್ತಲ್ಲೋ ಮಾರಾಯ. ಸವೆದಿದ್ದನ್ನ ಯಾರಾದ್ರೂ ವಾಪಸ್ ಕೇಳ್ತಾರಾ? ಅದೂ ನೀನು?"

ಉಳಿದ ಮೂರು ಮಿಷಿನ್ನುಗಳ ಬೇರಿಂಗ್ ಬಿಚ್ಚಿ ತಂದು ಹಾಕಿ ನೋಡಿದ. ಒಂದು ಗೊರಗೊರ ಎಂದಿತು, ಒಂದು ಕಿರ್ರೆಂದಿತು, ಮೂರನೆಯದು ತಿರುಗಲೇ ಇಲ್ಲ. ಸದ್ದಡಗಿಸುವುದನ್ನೇ ಬದುಕು ಮಾಡಿಕೊಂಡವನು ಹೊಸ ಬೇರಿಂಗಿಗೆ ಚಿಟಿಕೆ ಮರಳು ಹಾಕಿದ. ಮಿಷಿನ್ನು ಅರಚಿತು, ತಾಯಿ ಕಿವಿ ಮುಚ್ಚಿಕೊಂಡಳು.

"ಸಾಕು ಬಿಡ್ರೀ, ಹೆದರ್ಕೋತಿದಾರೆ," ಎಂದು ಹೆಂಡತಿ ಪ್ಲಗ್ ಕಿತ್ತಳು. ಅತ್ತೆಯ ಕೈಗಳನ್ನು ಕಿವಿಯಿಂದ ಇಳಿಸಿ ಕೇಳಿದಳು: "ಮಿಷಿನ್ ಹೋಗ್ಲಿ. ಅದರ ಜೊತೆ ನೀವು ರಾಗ ತೆಗೀತಿದ್ರಂತಲ್ಲ, ಅದನ್ನಾದ್ರೂ ಬಾಯಲ್ಲಿ ಮಾಡಿ ತೋರ್ಸಿ."

ಮೇಸ್ತ್ರಿ ಬಾಯಿ ತೆರೆದ. ಏರುದನಿಯೋ, ಇಳಿದನಿಯೋ? ಎಡಕ್ಕೆ ವಾಲಿದ್ದು ನೆನಪಿತ್ತು, ಕಾರ್ಪೆಟ್ಟಿನ ಕೆಂಪು ನೆನಪಿತ್ತು. ಆ ಸದ್ದು ಮಾತ್ರ ಅವನಲ್ಲೂ ಉಳಿದಿರಲಿಲ್ಲ.

ಒಳ್ಳೆಯ ಬೇರಿಂಗ್ ಮತ್ತೆ ಹಾಕಿದ. ಈಗ ಅದೇ ಮಿಷಿನ್ನಿನಲ್ಲಿ ಬೆಳಿಗ್ಗೆ ಕೋಣೆ ಗುಡಿಸುತ್ತಾನೆ. ಕುರ್ಚಿಯ ಹತ್ತಿರ ಬಂದಾಗ ತಾಯಿ ಎರಡೂ ಪಾದ ಎತ್ತಿ ಜಾಗ ಕೊಡುತ್ತಾಳೆ, ದೊಡ್ಡವರಿಂದ ಕೆಲಸ ಮಾಡಿಸಿಕೊಳ್ಳುವ ಸಂಕೋಚದಲ್ಲಿ.

"ನಿಮಗ್ಯಾಕೆ ತೊಂದರೆ ಸಾಹೇಬ್ರೇ. ನಮ್ಮ ಮರಿ ಆಟ ಆಡ್ಕೊಂಡು ಕೆಳಗೆಲ್ಲೋ ಹೋಗಿದಾನೆ. ಕಂಡ್ರೆ ಮೇಲಕ್ಕೆ ಕಳಿಸ್ತೀರಾ?"

"ಕಳಿಸ್ತೀನಿ," ಎಂದು ಅವನು ಮಿಷಿನ್ನನ್ನು ಮಂಚದ ಆಚೆ ಬದಿಗೆ ಎಳೆಯುತ್ತಾನೆ.